ಕಡಲೂರಿನ ಓಟು ಓದೋದು ಹೇಗೆ? ಕುಮಟಾ ಇಟ್ಟುಕೊಂಡು ನೋಡೋಣ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ವಿಧಾನಸಭಾ ಕ್ಷೇತ್ರದಲ್ಲಿ 2008ರಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಇದ್ದದ್ದು ಬರೀ 20 ಓಟು. ಒಂದು ಟೆಂಪೋದಲ್ಲಿ ಕೂರುವಷ್ಟು ಜನ. 2013ರಲ್ಲಿ ಅಂತರ 420. 2018ರಲ್ಲಿ ಅದೇ ಅಂತರ 30 ಸಾವಿರ ದಾಟಿತು. 2023ರಲ್ಲಿ ಮತ್ತೆ 676ಕ್ಕೆ ಇಳಿಯಿತು. ಇಷ್ಟೆಲ್ಲ ಆದ ಮೇಲೂ ಚುನಾವಣೆ ಬಂತೆಂದರೆ "ಕರಾವಳಿನಾ? ಬಿಡಿ, ಅಲ್ಲಿ ಒಂದೇ ಬಣ್ಣ" ಅಂತ ಟೀವಿಯಲ್ಲಿ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನನಗೆ ಇದು ನಿಜಕ್ಕೂ ಬೇಸರ ತರುತ್ತದೆ. ಓಟು ಹೇಗೂ ಒಂದೇ ಕಡೆ ಬೀಳುತ್ತದೆ ಅಂತ ಎಲ್ಲರೂ ನಂಬಿಬಿಟ್ಟರೆ, ಆ ಊರಿನ ಆಸ್ಪತ್ರೆ, ರಸ್ತೆ, ಬಂದರು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹಾಗಾಗಿ ನಮ್ಮಂಥ ಸಣ್ಣ ಕಡಲೂರಿನ ಒಲವು ಯಾವ ಕಡೆ, ಅದು ಯಾವಾಗ ಬದಲಾಗುತ್ತದೆ, ಯಾಕೆ ಬದಲಾಗುತ್ತದೆ ಅಂತ ನೀವೇ ಕೂತು ಓದುವ ದಾರಿ ಹೇಳುತ್ತೇನೆ. ಇದಕ್ಕೆ ಪರಿಣತಿ ಏನೂ ಬೇಡ. ಒಂದು ಲ್ಯಾಪ್‌ಟಾಪು, ನಾಲ್ಕೈದು ಸಂಜೆ, ಊರಿನವರ ಜೊತೆ ಕೂತು ಮಾತು ಕೇಳುವ ತಾಳ್ಮೆ ಇದ್ದರೆ ಸಾಕು. ನಾನು ಕುಮಟಾ ತಗೊಂಡಿದ್ದೇನೆ. ನಿಮ್ಮದು ಕುಂದಾಪುರ, ಕಾಪು, ಅಂಕೋಲ, ಭಟ್ಕಳ ಯಾವುದಾದರೂ ಆಗಬಹುದು.

ಮೊದಲು ಗಡಿ ಗೊತ್ತಿರಲಿ

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಕುಮಟಾ ಊರು ಬೇರೆ, ಕುಮಟಾ ಕ್ಷೇತ್ರ ಬೇರೆ. ಊರು ಅಂದರೆ ಪುರಸಭೆ. ಕ್ಷೇತ್ರ ಅಂದರೆ ಗೋಕರ್ಣ, ತದಡಿ, ಮಿರ್ಜಾನು, ಕತಗಾಲ ಎಲ್ಲ ಸೇರಿದ ಇಡೀ ತಾಲೂಕು, ಜೊತೆಗೆ ಹೊನ್ನಾವರ ತಾಲೂಕಿನ ಒಂದು ಭಾಗ. ಹೊನ್ನಾವರದ ಉಳಿದ ಭಾಗ ಭಟ್ಕಳ ಕ್ಷೇತ್ರದಲ್ಲಿದೆ. ಲೋಕಸಭೆಗೆ ಹೋದರಂತೂ ಉತ್ತರ ಕನ್ನಡ ಕ್ಷೇತ್ರಕ್ಕೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು ಕೂಡ ಸೇರುತ್ತವೆ. ಅಲ್ಲಿನ ಕಬ್ಬಿನ ರೈತನ ಓಟನ್ನೂ ತದಡಿಯ ಮೀನುಗಾರನ ಓಟನ್ನೂ ಒಂದೇ ಮೊತ್ತಕ್ಕೆ ಕೂಡಿಸಿ "ಜಿಲ್ಲೆ ಹೀಗೆ ಹೇಳಿತು" ಅಂದರೆ ಏನು ಅರ್ಥ ಬರುತ್ತದೆ ಹೇಳಿ.

2008ರ ಕ್ಷೇತ್ರ ಮರುವಿಂಗಡಣೆಯನ್ನೂ ಮರೆಯಬೇಡಿ. ಆಗ ಅಂಕೋಲ ಕ್ಷೇತ್ರವೇ ಹೋಯಿತು, ಅಂಕೋಲ ತಾಲೂಕು ಕಾರವಾರದ ಜೊತೆ ಸೇರಿತು. ಉಡುಪಿ ಜಿಲ್ಲೆಯಲ್ಲಿ ಬ್ರಹ್ಮಾವರ ಕ್ಷೇತ್ರ ಹೋಯಿತು. ಬೈಂದೂರು ಲೋಕಸಭೆಗೆ ಶಿವಮೊಗ್ಗದ ಪಾಲಾಯಿತು. ಕಡಲ ಪಕ್ಕದ ಊರು, ಸಂಸದರು ಮಾತ್ರ ಘಟ್ಟದ ಮೇಲಿನವರು! 2004ರ ಅಂಕಿಯನ್ನು 2008ರ ಅಂಕಿಯ ಪಕ್ಕ ಇಟ್ಟು "ಇಷ್ಟು ಓಟು ಬಿತ್ತು, ಇಷ್ಟು ಹೋಯಿತು" ಅನ್ನುವವರನ್ನು ನಂಬಬೇಡಿ. ನೆಲವೇ ಬದಲಾಗಿದೆ. ಸುಮ್ನೆ 2008ರಿಂದ ಶುರು ಮಾಡಿ.

ಎಲ್ಲ ಚುನಾವಣೆಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ

ಒಂದು ಹಾಳೆ ತಗೊಂಡು ವರ್ಷ, ಗೆದ್ದವರು, ಪಕ್ಷ, ಎರಡನೆಯವರು, ಅಂತರ ಅಂತ ಗೆರೆ ಹಾಕಿ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಇದೆಲ್ಲ ಸಿಗುತ್ತದೆ. ಕುಮಟಾದ್ದು ಬರೆದಾಗ ಕಣ್ಣಿಗೆ ಬೀಳುವುದು ಪಕ್ಷ ಅಲ್ಲ, ಮನುಷ್ಯ.

2008ರಲ್ಲಿ 20 ಓಟಿನಿಂದ ಗೆದ್ದವರು ಜೆಡಿಎಸ್‌ನ ದಿನಕರ ಶೆಟ್ಟಿ, ಸೋತವರು ಕಾಂಗ್ರೆಸ್ಸಿನ ಮೋಹನ ಶೆಟ್ಟಿ. 2013ರಲ್ಲಿ ಮೋಹನ ಶೆಟ್ಟಿಯವರ ಪತ್ನಿ ಶಾರದಾ ಶೆಟ್ಟಿ ಕಾಂಗ್ರೆಸ್ಸಿನಿಂದ ನಿಂತು ಇದೇ ದಿನಕರ ಶೆಟ್ಟಿಯವರನ್ನು 420 ಓಟಿನಿಂದ ಸೋಲಿಸಿದರು. 2018ಕ್ಕೆ ದಿನಕರ ಶೆಟ್ಟಿ ಬಿಜೆಪಿಗೆ ಬಂದು ದೊಡ್ಡ ಅಂತರದಲ್ಲಿ ಗೆದ್ದರು. 2023ರಲ್ಲಿ ಅದೇ ಬಿಜೆಪಿಯಿಂದ 676 ಓಟಿನಲ್ಲಿ ಪಾರಾದರು. ಆಗ ಎರಡನೆಯವರಾಗಿ ಬಂದದ್ದು ಜೆಡಿಎಸ್‌ನ ಸೂರಜ್ ನಾಯ್ಕ ಸೋನಿ. ರಾಜ್ಯದಲ್ಲಿ 135 ಸೀಟು ಗೆದ್ದ ಕಾಂಗ್ರೆಸ್ಸು ಇಲ್ಲಿ ಮೂರನೇ ಸ್ಥಾನಕ್ಕೆ ಹೋಯಿತು. ನಾಲ್ಕು ಚುನಾವಣೆಯಲ್ಲೂ ಕಣದಲ್ಲಿದ್ದ ಒಬ್ಬರೇ ವ್ಯಕ್ತಿ, ಎರಡು ಪಕ್ಷ, ನಾಲ್ಕು ಬೇರೆ ಬೇರೆ ಫಲಿತಾಂಶ. ಇದನ್ನು ಒಂದೇ ಬಣ್ಣ ಅಂತ ಹೇಗೆ ಕರೆಯೋದು?

ಈಗ ಪಕ್ಕದ ಊರುಗಳನ್ನು ಅದೇ ಹಾಳೆಗೆ ಸೇರಿಸಿ. 2008ರಲ್ಲಿ ಬಿಜೆಪಿ ರಾಜ್ಯದಲ್ಲಿ 110 ಸೀಟು ಗೆದ್ದು ಪಕ್ಷೇತರರ ಬೆಂಬಲದಿಂದ ಸರಕಾರ ಮಾಡಿತು. ಆದರೆ ಉತ್ತರ ಕನ್ನಡದ ಕಡಲ ಪಕ್ಕದ ಮೂರು ಕ್ಷೇತ್ರಗಳಲ್ಲಿ, ಅಂದರೆ ಕಾರವಾರ, ಕುಮಟಾ, ಭಟ್ಕಳದಲ್ಲಿ, ಆ ಮೇ ತಿಂಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. 2013ರಲ್ಲೂ ಇಲ್ಲ. ಆಗ ಕಾರವಾರದಲ್ಲಿ ಸತೀಶ್ ಸೈಲ್, ಭಟ್ಕಳದಲ್ಲಿ ಮಂಕಾಳ ವೈದ್ಯ ಇಬ್ಬರೂ ಪಕ್ಷೇತರರಾಗಿ ಗೆದ್ದರು. 2018ರಲ್ಲಿ ಮೂರೂ ಬಿಜೆಪಿಗೆ. 2023ರಲ್ಲಿ ಅದೇ ಸೈಲ್, ಅದೇ ವೈದ್ಯ ಕಾಂಗ್ರೆಸ್ಸಿನಿಂದ ಗೆದ್ದರು. ಕಾರವಾರದಲ್ಲಿ ಹಣಾಹಣಿ, ಭಟ್ಕಳದಲ್ಲಿ 30 ಸಾವಿರಕ್ಕಿಂತ ಜಾಸ್ತಿ ಅಂತರ. ಎರಡರ ಮಧ್ಯೆ ಇರುವ ಕುಮಟಾ ಮಾತ್ರ ಬಿಜೆಪಿಗೆ ಉಳಿಯಿತು, ಅದೂ ಕೂದಲೆಳೆಯಲ್ಲಿ.

ದಕ್ಷಿಣಕ್ಕೆ ಹೋದರೂ ಇದೇ ಪಾಠ. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆ ಸೇರಿ 13 ಕ್ಷೇತ್ರ. 2013ರಲ್ಲಿ ಅದರಲ್ಲಿ 10 ಕಾಂಗ್ರೆಸ್ಸಿಗೆ, 2 ಬಿಜೆಪಿಗೆ, 1 ಪಕ್ಷೇತರರಿಗೆ. ಐದೇ ವರ್ಷಕ್ಕೆ 12 ಬಿಜೆಪಿಗೆ, 1 ಕಾಂಗ್ರೆಸ್ಸಿಗೆ. 2023ರಲ್ಲಿ 11 ಮತ್ತು 2. ಇಷ್ಟು ಜೋರಾಗಿ ಮಗ್ಗುಲು ಬದಲಿಸುವ ಪ್ರದೇಶವನ್ನು ಯಾರೂ ತಮ್ಮ ಜೇಬಿನಲ್ಲಿದೆ ಅಂದುಕೊಳ್ಳಬಾರದು.

ಆ ಒಬ್ಬ ಪಕ್ಷೇತರರು ಕುಂದಾಪುರದ ಹಾಲಾಡಿ ಶ್ರೀನಿವಾಸ ಶೆಟ್ಟಿ. ವ್ಯಕ್ತಿಯ ಓಟು ಎಷ್ಟು, ಪಕ್ಷದ ಓಟು ಎಷ್ಟು ಅಂತ ತಿಳಿಯಲು ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. 1999ರಿಂದ ಮೂರು ಸಲ ಬಿಜೆಪಿಯಿಂದ ಗೆದ್ದರು, ಮಂತ್ರಿಗಿರಿ ವಿಷಯದಲ್ಲಿ ನೊಂದು ಪಕ್ಷ ಬಿಟ್ಟರು, 2013ರಲ್ಲಿ ಪಕ್ಷೇತರರಾಗಿ ನಿಂತು ಗೆದ್ದರು, 2018ರಲ್ಲಿ ಮತ್ತೆ ಬಿಜೆಪಿಯಿಂದ. ಚಿಹ್ನೆ ತೆಗೆದರೂ ಗೆದ್ದರು ಅಂದರೆ ಅಷ್ಟು ಓಟು ಅವರದೇ. ಆದರೆ ಪೂರ್ತಿ ಹಾಗೆ ಹೇಳಲೂ ಆಗುವುದಿಲ್ಲ. 2023ರಲ್ಲಿ ಅವರು ನಿಲ್ಲಲಿಲ್ಲ, ಕಿರಣ್ ಕುಮಾರ್ ಕೊಡ್ಗಿ ನಿಂತರು, ಬಿಜೆಪಿಯೇ ಆರಾಮಾಗಿ ಗೆದ್ದಿತು. ಹಾಗಾದರೆ ಪಕ್ಷದ ಓಟೂ ಗಟ್ಟಿಯೇ ಇದೆ. ನಿಮ್ಮ ಊರಿನಲ್ಲೂ ಇಂಥ ಸಂದರ್ಭ ಹುಡುಕಿ: ಅದೇ ಮನುಷ್ಯ ಬೇರೆ ಚಿಹ್ನೆ, ಅಥವಾ ಅದೇ ಚಿಹ್ನೆ ಬೇರೆ ಮನುಷ್ಯ.

ವಿಧಾನಸಭೆ ಪಕ್ಕ ಲೋಕಸಭೆ ಇಡಿ

2013ರಲ್ಲಿ ನಮ್ಮ ಕಡಲ ಪಕ್ಕದ ಮೂರೂ ಕ್ಷೇತ್ರ ಬಿಜೆಪಿಗೆ ಇಲ್ಲ ಅಂದಿದ್ದವು ಅಲ್ವಾ? ಒಂದೇ ವರ್ಷದಲ್ಲಿ, 2014ರ ಲೋಕಸಭೆಯಲ್ಲಿ, ಉತ್ತರ ಕನ್ನಡ, ಉಡುಪಿ ಚಿಕ್ಕಮಗಳೂರು, ದಕ್ಷಿಣ ಕನ್ನಡ ಮೂರೂ ಕಡೆ ಬಿಜೆಪಿ ಗೆದ್ದಿತು. ಜನ ಅದೇ ಜನ. ಉತ್ತರ ಕನ್ನಡದಲ್ಲಿ 1996ರಿಂದ ನೋಡಿದರೆ 1999ರಲ್ಲಿ ಮಾರ್ಗರೆಟ್ ಆಳ್ವ ಗೆದ್ದದ್ದು ಬಿಟ್ಟರೆ ಉಳಿದ ಎಲ್ಲ ಸಲವೂ ಬಿಜೆಪಿ. ಮೊದಲು ಅನಂತಕುಮಾರ ಹೆಗಡೆ, 2024ರಲ್ಲಿ ವಿಶ್ವೇಶ್ವರ ಹೆಗಡೆ ಕಾಗೇರಿ.

ಅಂದರೆ ನಮ್ಮ ಜನ ಎರಡು ತಕ್ಕಡಿ ಇಟ್ಟುಕೊಂಡಿದ್ದಾರೆ. ದಿಲ್ಲಿಗೆ ಯಾರು ಬೇಕು ಅಂತ ಕೇಳಿದಾಗ ಪಕ್ಷ, ಪ್ರಧಾನಿ, ಧರ್ಮ, ದೇಶ ಅಂತ ತೂಗುತ್ತಾರೆ. ಬೆಂಗಳೂರಿಗೆ ಯಾರು ಅಂತ ಕೇಳಿದಾಗ ರಾತ್ರಿ ಆಂಬುಲೆನ್ಸು ಬೇಕಾದರೆ ಯಾರ ಫೋನು ಎತ್ತುತ್ತದೆ ಅಂತ ತೂಗುತ್ತಾರೆ. ಇದು ನನ್ನ ಅಭಿಪ್ರಾಯ, ಆದರೆ ಇಷ್ಟು ವರ್ಷ ಕೇಳಿಸಿಕೊಂಡು ಬಂದ ಅಭಿಪ್ರಾಯ. 2023ರ ಮೇ ತಿಂಗಳಿಗೂ 2024ರ ಮೇ ತಿಂಗಳಿಗೂ ನಿಮ್ಮ ಬೂತಿನಲ್ಲಿ ಒಂದೇ ಪಕ್ಷದ ಪಾಲು ಎಷ್ಟು ಬದಲಾಯಿತು ಅಂತ ನೋಡಿ. ಅಭ್ಯರ್ಥಿಯ ಕೈಯಲ್ಲಿದ್ದ ಓಟು ಅಂದಾಜಿಗೆ ಅಲ್ಲೇ ಕಾಣುತ್ತದೆ.

ನಮೂನೆ 20: ಬೂತಿನ ಲೆಕ್ಕ

ಈಗ ನಿಜವಾದ ಕೆಲಸ. ಪ್ರತಿ ಬೂತಿನಲ್ಲಿ ಯಾರಿಗೆ ಎಷ್ಟು ಓಟು ಬಿತ್ತು ಅನ್ನುವ ಪಟ್ಟಿಗೆ ನಮೂನೆ 20 ಅಂತ ಹೆಸರು. ಇದು ಗುಟ್ಟಿನ ಕಾಗದ ಅಲ್ಲ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಕ್ಷೇತ್ರದ ಪ್ರಕಾರ ಪಿಡಿಎಫ್ ಹಾಕಿರುತ್ತಾರೆ. ಎಡಗಡೆ ಮತಗಟ್ಟೆ ಸಂಖ್ಯೆ, ಮೇಲೆ ಅಭ್ಯರ್ಥಿಗಳ ಹೆಸರು, ಬಲಗಡೆ ಒಟ್ಟು ಮತ್ತು ನೋಟಾ, ಕೊನೆಯಲ್ಲಿ ಅಂಚೆ ಮತ. ಅದರಲ್ಲಿ ಊರಿನ ಹೆಸರು ಇರುವುದಿಲ್ಲ, ಬರೀ ಸಂಖ್ಯೆ. ಆದ್ದರಿಂದ ಅದೇ ವರ್ಷದ ಮತಗಟ್ಟೆ ಪಟ್ಟಿಯನ್ನೂ ಇಳಿಸಿಕೊಳ್ಳಿ. ಯಾವ ಸಂಖ್ಯೆ ಯಾವ ಶಾಲೆ, ಯಾವ ಕೇರಿ ಅಂತ ಅದರಲ್ಲಿದೆ.

ಹಲವು ಪಿಡಿಎಫ್‌ಗಳು ಸ್ಕ್ಯಾನ್ ಮಾಡಿದ ಹಾಳೆಗಳು, ಓರೆಯಾಗಿ, ಮಸುಕಾಗಿ ಇರುತ್ತವೆ. ಅಂಕಿಯನ್ನು ಕೈಯಲ್ಲೇ ಎಕ್ಸೆಲ್‌ಗೆ ಹಾಕಬೇಕಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಹಾಗೆ ಒಂದೊಂದೇ ಸಾಲು ಹಾಕುವಾಗಲೇ ಊರು ಕಣ್ಣ ಮುಂದೆ ಬರುತ್ತದೆ. ನಾನು ಮೊದಲ ಸಲ ನಮ್ಮ ಬೂತಿನ ಸಾಲು ಓದಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ನಮ್ಮ ಕೇರಿಯವರೆಲ್ಲ ಒಂದೇ ಕಡೆ ಅಂತ ಚಿಕ್ಕಂದಿನಿಂದ ನಂಬಿದ್ದೆ. ಹಾಗಿರಲಿಲ್ಲ.

ಮೂರು ಎಚ್ಚರಿಕೆ ಹೇಳಿಬಿಡುತ್ತೇನೆ. ಬೂತಿನ ಸಂಖ್ಯೆ ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತದೆ. ಮತದಾರರು ಜಾಸ್ತಿಯಾದರೆ ಒಂದು ಬೂತು ಎರಡಾಗುತ್ತದೆ, ಆಗ ಅದರ ಮುಂದಿನ ಎಲ್ಲ ಸಂಖ್ಯೆಯೂ ಜರುಗಬಹುದು. ಹಾಗಾಗಿ ಸಂಖ್ಯೆ ನೋಡಿ ಹೋಲಿಸಬೇಡಿ, ಶಾಲೆಯ ಹೆಸರು ನೋಡಿ ಹೋಲಿಸಿ. ಎರಡನೆಯದು, ಓಟಿನ ಎಣಿಕೆ ಬೇಡ, ಪಾಲು ನೋಡಿ. 400 ಓಟು ಬಿತ್ತು ಅಂದರೆ ಏನೂ ಹೇಳಿದ ಹಾಗಲ್ಲ, ನೂರಕ್ಕೆ ಎಷ್ಟು ಅಂತ ಲೆಕ್ಕ ಹಾಕಿ. ಮೂರನೆಯದು, ಗೆದ್ದವರ ಕಾಲಂ ಮಾತ್ರ ನೋಡಿ ಬಿಟ್ಟುಬಿಡಬೇಡಿ. ಅಂತರ ಇಷ್ಟು ಸಣ್ಣದಿದ್ದಾಗ ಮೂರನೆಯವರು, ನಾಲ್ಕನೆಯವರು, 2013ರ ವಿಧಾನಸಭಾ ಚುನಾವಣೆಯ ನಂತರ ಬಂದ ನೋಟಾ, ಅಂಚೆ ಮತ ಎಲ್ಲವೂ ಫಲಿತಾಂಶವನ್ನೇ ತಿರುಗಿಸಬಲ್ಲವು.

ಆಮೇಲೆ ಬೂತುಗಳನ್ನು ಗುಂಪು ಮಾಡಿ. ಜಾತಿ ಮೇಲೆ ಅಲ್ಲ, ನೆಲದ ಮೇಲೆ. ಕುಮಟಾದಲ್ಲಿ ನಾನು ಮಾಡಿದ್ದು ಹೀಗೆ: ಕಡಲ ದಂಡೆಯ ಬೂತುಗಳು ಒಂದು ಗುಂಪು, ಅಘನಾಶಿನಿ ಹೊಳೆಯ ಗಜನಿ (ಉಪ್ಪು ನೀರು ಬರುವ ಗದ್ದೆ) ಪಕ್ಕದ ಊರುಗಳು ಇನ್ನೊಂದು, ಪೇಟೆ ಮತ್ತೊಂದು, ಶಿರಸಿ ರಸ್ತೆಯಲ್ಲಿ ಘಟ್ಟದ ಬುಡಕ್ಕೆ ಹೋಗುವ ತೋಟದ ಊರುಗಳು ಇನ್ನೂ ಒಂದು. ಗೋಕರ್ಣವನ್ನು ಬೇರೆಯೇ ಇಟ್ಟೆ. ಅಲ್ಲಿ ದೇವಸ್ಥಾನ, ಪ್ರವಾಸಿಗರು, ಹೋಮ್‌ಸ್ಟೇ ಅಂತ ಬದುಕೇ ಬೇರೆ. ಬಲೆ ಹಾಕುವವನ ಚಿಂತೆ ಡೀಸೆಲ್ಲು, ಸೀಮೆಎಣ್ಣೆ, ಜೆಟ್ಟಿ. ಗಜನಿಯವನ ಚಿಂತೆ ಉಪ್ಪು ನೀರು ನುಗ್ಗುವ ಕಟ್ಟೆ. ಘಟ್ಟದ ಬುಡದವನ ಚಿಂತೆ ಅರಣ್ಯ ಅತಿಕ್ರಮಣದ ಪಟ್ಟಾ. ಓಟು ಇವುಗಳ ಹಿಂದೆಯೇ ನಡೆಯುತ್ತದೆ ಅಂತಲ್ಲ, ಆದರೆ ಇವನ್ನು ಬಿಟ್ಟು ಓದಿದರೆ ಏನೂ ಸಿಗುವುದಿಲ್ಲ.

ಹೆಸರು ನೋಡಿ ಜಾತಿ ಎಣಿಸಬೇಡಿ

ಮತದಾರರ ಪಟ್ಟಿ ಹಿಡಿದು "ಇಷ್ಟು ಗೌಡರು, ಇಷ್ಟು ನಾಯ್ಕರು" ಅಂತ ಎಣಿಸುವ ಚಟ ತುಂಬಾ ಜನಕ್ಕೆ ಇದೆ. ಉತ್ತರ ಕನ್ನಡದಲ್ಲಿ ಅದು ನಿಮ್ಮನ್ನು ದಾರಿ ತಪ್ಪಿಸುತ್ತದೆ. ಇಲ್ಲಿ ಗೌಡ ಅಂದರೆ ಹಾಲಕ್ಕಿ ಒಕ್ಕಲಿಗರು ಇರಬಹುದು, ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಎಷ್ಟೋ ವರ್ಷದಿಂದ ಕೇಳುತ್ತಿರುವ ಜನ. ಬೆಂಗಳೂರಿನಿಂದ ಬಂದವರು ಅದನ್ನು ಮಂಡ್ಯದ ಗೌಡರ ಲೆಕ್ಕಕ್ಕೆ ಹಾಕಿಬಿಡುತ್ತಾರೆ. ನಾಯ್ಕ ಅಂದರೆ ಸಾಮಾನ್ಯವಾಗಿ ನಾಮಧಾರಿಗಳು, ನಾಯಕ ಅಂದರೆ ನಾಡವರು. ಪಟ್ಟಿಯಲ್ಲಿ ಅಕ್ಷರ ತಪ್ಪಾಗಿ ಒಂದು ಇನ್ನೊಂದಾಗಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದು ಜಾತಿ ಒಂದೇ ಕಡೆ ಓಟು ಹಾಕುತ್ತದೆ ಅನ್ನುವುದೇ ಸುಳ್ಳು. ಎಲ್ಲರೂ ಹಾಗೆ ಹಾಕುವುದಾದರೆ ಐದು ವರ್ಷದಲ್ಲಿ 420 ಓಟಿನ ಸೋಲು 30 ಸಾವಿರ ಮೀರಿದ ಗೆಲುವಾಗಲು ಸಾಧ್ಯವೇ ಇರಲಿಲ್ಲ.

ಆ ಜಿಗಿತಕ್ಕೆ ಕಾರಣ ಹುಡುಕುವಾಗ 2017ರ ಡಿಸೆಂಬರ್ ಬಿಡುವ ಹಾಗಿಲ್ಲ. ಹೊನ್ನಾವರದಲ್ಲಿ ಒಬ್ಬ ಯುವಕನ ಸಾವು, ಅದು ಕೊಲೆ ಅನ್ನುವ ಆರೋಪ, ಅದರ ಬೆನ್ನಿಗೆ ಕುಮಟಾ, ಶಿರಸಿಯಲ್ಲಿ ಗಲಭೆ. ಐದು ತಿಂಗಳಲ್ಲಿ ಚುನಾವಣೆ. 2022ರಲ್ಲಿ ಸಿಬಿಐ ಅದು ಆಕಸ್ಮಿಕ ಸಾವು ಅಂತ ವರದಿ ಕೊಟ್ಟಿತು. ಅಷ್ಟೊತ್ತಿಗೆ ಆ ಸಿಟ್ಟಿನ ಮೇಲೆ ಓಟು ಬಿದ್ದು ನಾಲ್ಕು ವರ್ಷ ಆಗಿತ್ತು. ಆದರೆ ಅದೊಂದೇ ಕಾರಣ ಅಂತಲೂ ಬರೆಯಬೇಡಿ. ಗೆದ್ದವರು ತಮ್ಮ ಹಳೆಯ ಓಟನ್ನು ಹೊಸ ಪಕ್ಷಕ್ಕೆ ತಂದಿದ್ದರು. 2013ರಲ್ಲಿ ಯಡಿಯೂರಪ್ಪನವರ ಕೆಜೆಪಿಯಿಂದ ಒಡೆದಿದ್ದ ಬಿಜೆಪಿ 2018ಕ್ಕೆ ಮತ್ತೆ ಒಂದಾಗಿತ್ತು. ಮೂರೂ ಕೂಡಿ ಆದ ಫಲಿತಾಂಶ ಅದು. ಯಾವುದು ಎಷ್ಟು ಅಂತ ಬೂತಿನ ಸಾಲುಗಳಲ್ಲೇ ಹುಡುಕಬೇಕು.

ಓಟು ಹಾಕದವರನ್ನೂ ಎಣಿಸಿ

ಕಡಲೂರಿನಲ್ಲಿ ಇದು ಬೇರೆಲ್ಲಾ ಕಡೆಗಿಂತ ಮುಖ್ಯ. ನಮ್ಮಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ ಜೂನ್ 1ರಿಂದ ಜುಲೈ 31. ಚುನಾವಣೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಅಂದರೆ ಬೋಟು ಇನ್ನೂ ನೀರಿನಲ್ಲಿರುವ ಹೊತ್ತು. ದೂರದ ಬಂದರುಗಳಲ್ಲಿ ದುಡಿಯುವ ಹುಡುಗರು ಒಂದು ದಿನಕ್ಕೆ ಅಂತ ಮನೆಗೆ ಬರುವುದು ಸುಲಭ ಅಲ್ಲ. ಮುಂಬೈ, ಗೋವಾ, ಬೆಂಗಳೂರಿನಲ್ಲಿ ಇರುವವರ ಕತೆಯೂ ಅಷ್ಟೇ. ಗಲ್ಫಿನಲ್ಲಿರುವವರು ನಮೂನೆ 6ಎ ಕೊಟ್ಟು ಹೆಸರು ಸೇರಿಸಬಹುದು, ಆದರೆ ಓಟು ಹಾಕಲು ಊರಿನ ಬೂತಿಗೇ ಬರಬೇಕು. ಟಿಕೆಟ್ ದುಡ್ಡು ಖರ್ಚು ಮಾಡಿ ಎಷ್ಟು ಜನ ಬರುತ್ತಾರೆ?

ಹಾಗಾಗಿ ಬೂತಿನಲ್ಲಿ ಬಿದ್ದ ಓಟನ್ನು ಪಟ್ಟಿಯಲ್ಲಿರುವ ಹೆಸರುಗಳ ಎಣಿಕೆಯಿಂದ ಭಾಗಿಸಿ, ಎಲ್ಲಿ ಕಡಿಮೆ ಅಂತ ಗುರುತು ಹಾಕಿ. ಹೆಂಗಸರ ಓಟು, ಗಂಡಸರ ಓಟು ಬೇರೆ ಬೇರೆ ಸಿಕ್ಕರೆ ಇನ್ನೂ ಒಳ್ಳೆಯದು. ಉಡುಪಿ, ದಕ್ಷಿಣ ಕನ್ನಡದಲ್ಲಿ ಪಟ್ಟಿಯಲ್ಲೇ ಹೆಂಗಸರು ಜಾಸ್ತಿ. ಮೀನು ಬುಟ್ಟಿ ಹೊತ್ತು ಮಾರುವ ಹೆಂಗಸಿನ ತೀರ್ಮಾನವೇ ಎಷ್ಟೋ ಬೂತುಗಳಲ್ಲಿ ಗೆಲುವನ್ನು ನಿರ್ಧರಿಸುತ್ತದೆ, ಆದರೆ ಅವಳ ಮುಂದೆ ಮೈಕು ಹಿಡಿಯುವವರು ಕಡಿಮೆ.

ಆಮೇಲೆ ಹೋಗಿ ಕೂತು ಕೇಳಿ

ಲ್ಯಾಪ್‌ಟಾಪು ಮುಚ್ಚಿ ಹೊರಡಿ. ಚುನಾವಣೆಯ ವಾರದಲ್ಲಿ ಬೇಡ, ಆಗ ಎಲ್ಲರೂ ಯಾರಿಗೋ ಕೇಳಿಸಲಿ ಅಂತ ಮಾತಾಡುತ್ತಾರೆ. ಮಳೆಗಾಲದಲ್ಲಿ ಹೋಗಿ. ಬೋಟು ಮೇಲೆ ಎಳೆದು, ಬಲೆ ಹರಡಿಕೊಂಡು ಹೊಲಿಯುತ್ತಾ ಕೂತಿರುತ್ತಾರೆ, ಕೈ ಕೆಲಸ ಮಾಡುತ್ತಿರುತ್ತದೆ, ಬಾಯಿ ಬಿಡುವಾಗಿರುತ್ತದೆ.

"ಯಾರಿಗೆ ಹಾಕಿದ್ರಿ?" ಅಂತ ಮಾತ್ರ ಕೇಳಬೇಡಿ. ಅದು ಅವರ ಗುಟ್ಟು, ಕೇಳಿದರೆ ಸುಳ್ಳೇ ಸಿಗುತ್ತದೆ. "ಕಷ್ಟ ಬಂದ್ರೆ ಯಾರ ಮನೆಗೆ ಹೋಗ್ತೀರಿ?" ಅಂತ ಕೇಳಿ. "ಹೋದ ಸಲಕ್ಕೂ ಈ ಸಲಕ್ಕೂ ಏನು ಬದಲಾಯ್ತು?" ಅಂತ ಕೇಳಿ. ಹೆದ್ದಾರಿ 66 ಅಗಲ ಮಾಡುವಾಗ ಕಳೆದುಕೊಂಡ ಜಾಗದ ಪರಿಹಾರ, ಗಂಭೀರ ಪೆಟ್ಟಾದರೆ ಮಂಗಳೂರಿಗೋ ಮಣಿಪಾಲಕ್ಕೋ ಗೋವಾಕ್ಕೋ ಓಡಬೇಕಾದ ಸ್ಥಿತಿ, ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಎಷ್ಟು ಕೂಗಿದರೂ ಕೇಳಿಸದ ಸಿಟ್ಟು, ಇದೆಲ್ಲ ತಾನಾಗಿಯೇ ಹೊರಬರುತ್ತದೆ. ನಮ್ಮ ಮನೆಯಲ್ಲೂ ಒಂದು ರಾತ್ರಿ ಹಾಗೆ ಆಂಬುಲೆನ್ಸಿನಲ್ಲಿ ಮೂರು ತಾಸು ಕಳೆದಿದ್ದೇವೆ. ಆ ರಾತ್ರಿ ಫೋನು ಎತ್ತಿದವರಿಗೇ ನಮ್ಮ ಮನೆಯ ಓಟುಗಳು ಹೋದವು, ಪಕ್ಷ ಯಾವುದು ಅಂತ ಯಾರೂ ಕೇಳಲಿಲ್ಲ.

ವಯಸ್ಸಾದವರ ಹತ್ತಿರ ಹಳೆಯದನ್ನೂ ಕೇಳಿ. 1967ರಲ್ಲಿ ದಿನಕರ ದೇಸಾಯಿಯವರನ್ನು ಪಕ್ಷೇತರರಾಗಿ ಇಲ್ಲಿಂದಲೇ ಲೋಕಸಭೆಗೆ ಕಳಿಸಿದ ಜನ ಇವರು. 1989ರಲ್ಲಿ ಶಿವರಾಮ ಕಾರಂತರು ಕೈಗಾ ಅಣು ಸ್ಥಾವರದ ವಿರುದ್ಧ ದನಿ ಎತ್ತಿ ಇಲ್ಲೇ ನಿಂತಾಗ ಸೋಲಿಸಿದವರೂ ಇವರೇ. ಎರಡಕ್ಕೂ ಕಾರಣ ಹೇಳಬಲ್ಲ ಅಜ್ಜಂದಿರು ಇನ್ನೂ ಇದ್ದಾರೆ, ಬೇಗ ಹೋಗಿ.

ಗ್ರಾಮ ಪಂಚಾಯತಿ ಚುನಾವಣೆಯನ್ನು ಈ ಲೆಕ್ಕಕ್ಕೆ ಬೆರೆಸಬೇಡಿ. ಅಲ್ಲಿ ಪಕ್ಷದ ಚಿಹ್ನೆಯೇ ಇರುವುದಿಲ್ಲ. ಪುರಸಭೆಯಲ್ಲಿ ಚಿಹ್ನೆ ಇದೆ, ಅದನ್ನು ಬೇರೆ ಹಾಳೆಯಲ್ಲಿ ವಾರ್ಡಿನ ಪ್ರಕಾರ ಬರೆಯಿರಿ.

ಕಡೆಯದಾಗಿ, ನಿಮ್ಮ ಬೂತಿನ ಹಾಳೆಯನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಒಂದು ಬೂತು ಅಂದರೆ ಒಂದೆರಡು ಕೇರಿ, ಯಾರು ಎಲ್ಲಿ ಅಂತ ಎಲ್ಲರಿಗೂ ಗೊತ್ತು. "ನಿಮ್ಮ ಕೇರಿ ನಮಗೆ ಹಾಕಲಿಲ್ಲ, ಈಗ ನೀರಿನ ಪೈಪು ಕೇಳ್ತೀರಾ" ಅನ್ನುವ ಮಾತು ಅಲ್ಲಿಂದಲೇ ಹುಟ್ಟುತ್ತದೆ. ಇದೇ ಭಯಕ್ಕೆ ಹಲವು ಬೂತುಗಳ ಓಟನ್ನು ಬೆರೆಸಿ ಎಣಿಸುವ ಟೋಟಲೈಸರ್ ಯಂತ್ರ ತರೋಣ ಅಂತ ಚುನಾವಣಾ ಆಯೋಗ 2008ರಲ್ಲೇ ಹೇಳಿತ್ತು, ಅದು ಜಾರಿಗೆ ಬರಲಿಲ್ಲ. ಹಂಚಲೇಬೇಕು ಅಂದರೆ ಗುಂಪು ಮಾಡಿದ ಅಂಕಿ ಹಂಚಿ: ಕಡಲ ದಂಡೆ ಇಷ್ಟು, ಪೇಟೆ ಇಷ್ಟು, ಘಟ್ಟದ ಬುಡ ಇಷ್ಟು. ಬೂತಿನ ಹಾಳೆಯನ್ನು ಯಾವುದಾದರೂ ಪಕ್ಷಕ್ಕೆ ಹತ್ತಾರು ವರ್ಷ ಬೂತ್ ಏಜೆಂಟಾಗಿ ಕೂತ ಹಿರಿಯರೊಬ್ಬರಿಗೆ ಎದುರು ಕೂತು ತೋರಿಸಿ. ಇನ್ನೊಂದು ಪಕ್ಷದವರಿಗೂ ಹಾಗೇ ತೋರಿಸಿ. ಇಬ್ಬರೂ ಬೆರಳಿಟ್ಟು "ಇಲ್ಲಿ ಏನೋ ಆಗಿದೆ" ಅನ್ನುವ ಸಾಲು ಯಾವುದೋ ಅದರಿಂದ ನಿಮ್ಮ ಮುಂದಿನ ಓಡಾಟ ಶುರು ಮಾಡಿ.